ಕುಬೇರಪ್ಪನವರ ತಲೆ ಮತ್ತು ಕಾಯಿದೆ

ನಮ್ಮ ಎದುರು ಮನೆಯ ಕುಬೇರಪ್ಪನವರ ತಲೆಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ತಲೆಯೊಳಗೆ ಏನಿದೆ ಎಂಬ ವಿಚಾರಕ್ಕೆ ನಾನು ಹೋಗುವುದಿಲ್ಲ. ಅದು ಅವರ ಹೆಂಡತಿ ನೀಲವ್ವ ದಿನಾಲೂ ಎತ್ತುವ ಪ್ರಶ್ನೆ, ಉತ್ತರ ಇನ್ನೂ ಸಿಕ್ಕಿಲ್ಲ. ನಾನು ಹೇಳಹೊರಟಿರುವುದು ತಲೆಯ ಮೇಲೆ ಏನಿತ್ತು ಎಂಬುದರ ಬಗ್ಗೆ. ಹುಬ್ಬಳ್ಳಿಯ ಕೇಶ್ವಾಪುರದಿಂದ ಧಾರವಾಡದ ಲಕಮನಹಳ್ಳಿಯವರೆಗೆ ಅದೊಂದು ಕಾರಣಕ್ಕೆ ಮಂದಿ ತಲೆ ಕೆಡಿಸಿಕೊಂಡರು. ನಾನೂ ಕೆಡಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಕುಬೇರಪ್ಪನವರು ಸರ್ಕಾರಕ್ಕೆ ಎದುರಾಡುವ ಮನುಷ್ಯರಲ್ಲ. ಬೈರಿದೇವರಕೊಪ್ಪದಲ್ಲಿ ಅವರದೊಂದು ಬೀಜದ ಅಂಗಡಿ. ಕೇಶ್ವಾಪುರದ ಮನೆಯಿಂದ ಅಲ್ಲಿಗೆ ಹಳೇ ನೀಲಿ ಸ್ಕೂಟರಿನ ಮೇಲೆ ಹೋಗಿ ಬರುತ್ತಿದ್ದರು. ಆ ಸ್ಕೂಟರಿನ ರೋಡ್ ಟ್ಯಾಕ್ಸು, ಇನ್ಶೂರೆನ್ಸು, ಹೊಗೆ ತಪಾಸಣೆಯ ಚೀಟಿ ಎಲ್ಲಕ್ಕೂ ಪ್ಲಾಸ್ಟಿಕ್ ಹಾಕಿಸಿ ದೇವರ ಜಗಲಿಯ ಮೇಲೆ ಇಡುವುದು ಅವರ ಪದ್ಧತಿ. ಆಯುಧ ಪೂಜೆಯ ದಿನ ಸ್ಕೂಟರಿನ ಜೊತೆ ಆ ಕಾಗದಗಳಿಗೂ ಕುಂಕುಮ, ಹೂವು ಬೀಳುತ್ತಿತ್ತು. ಇಂಥವರ ಬಾಳಿನಲ್ಲಿ ಆ ವರ್ಷ ಹೆಲ್ಮೆಟ್ ಬಂತು. ಊರಲ್ಲಿ ಗಾಡಿ ಹೊಡೆಯುವವರೆಲ್ಲ ಹೆಲ್ಮೆಟ್ ಹಾಕಬೇಕು, ಇಲ್ಲವಾದರೆ ದಂಡ ಎಂದು ಪೇಪರಿನಲ್ಲಿ ಬಂದ ದಿನವೇ ಕುಬೇರಪ್ಪನವರು ಹೋಗಿ ಕೊಂಡು ತಂದರು.

ಸ್ಕೂಟರಿನ ಮೇಲೆ ಸರ್ಕಾರದ ಹಕ್ಕು ಇತ್ತು, ಒಪ್ಪೋಣ. ತಲೆಯ ಮೇಲೆ ಮಾತ್ರ ಅವರ ತಾಯಿ ಚನ್ನಬಸವ್ವನವರದೇ ಪೂರಾ ಹಕ್ಕು. ಮಗ ಸಣ್ಣವನಿದ್ದಾಗ ಒಮ್ಮೆ ಜ್ವರ ಬಂದು ಡಾಕ್ಟರೂ ಕೈಬಿಟ್ಟಿದ್ದರಂತೆ. ಆಗ ಚನ್ನಬಸವ್ವ ಶಿವನಿಗೆ ಮಾತು ಕೊಟ್ಟಿದ್ದರು: "ಈ ಕೂಸು ಉಳದ್ರ ಇದರ ಹಣಿಮ್ಯಾಲ ಈಬತ್ತಿ ಇಲ್ಲದ ಒಂದಿನಾನೂ ಮನಿ ಬಿಟ್ಟು ಕಳಸೂದಿಲ್ಲ, ಹಂಗ ಮನ್ಯಾಗ ಕರಕೊಳ್ಳೂದೂ ಇಲ್ಲ." ಕೂಸು ಉಳಿಯಿತು, ಬೆಳೆಯಿತು, ಅದರ ತಲೆ ಬೋಳಾಯಿತು. ಕೊಟ್ಟ ಮಾತು ಹಾಗೇ ಇತ್ತು. ದಿನಾ ಬೆಳಿಗ್ಗೆ ಮಗ ಲಿಂಗಪೂಜೆ ಮುಗಿಸಿ ಸ್ಕೂಟರ್ ಹೊರಗೆ ತೆಗೆದರೆ ಚನ್ನಬಸವ್ವ ಗೇಟಿಗೆ ಅಡ್ಡ ನಿಂತು, "ಹಣಿ ತೋರಸು" ಎನ್ನುವರು. ಮೂರು ಬೆರಳಿನ ವಿಭೂತಿ ಸರಿಯಾಗಿದ್ದರೆ ಮಾತ್ರ ಗೇಟು ತೆರೆಯುವುದು. ಸಂಜೆ ಮರಳಿ ಬಂದಾಗಲೂ ಅದೇ ತಪಾಸಣೆ. ಈ ಚೆಕ್‌ಪೋಸ್ಟಿನಲ್ಲಿ ಲಂಚ ನಡೆಯುತ್ತಿರಲಿಲ್ಲ.

ಮೊದಲ ದಿನ ಹೆಲ್ಮೆಟ್ ಹಾಕಿಕೊಂಡು ಅಂಗಡಿ ಮುಟ್ಟಿ, ಅದನ್ನು ತೆಗೆದಾಗ ಕುಬೇರಪ್ಪನವರ ಹಣೆಯ ಮೇಲಿದ್ದ ವಿಭೂತಿ ಬೆವರಿನಲ್ಲಿ ಕಲೆಸಿ ಮುಖದ ತುಂಬ ಹರಿದಿತ್ತು. ಶೇಂಗಾ ಬೀಜಕ್ಕೆ ಬಂದಿದ್ದ ರೈತನೊಬ್ಬ ಗಾಬರಿಯಾದ.

"ಸಾವ್ಕಾರ್ರ, ಮಾರಿಗೆ ಹುಳದ ಪುಡಿ ಹೊಡಕೊಂಡೀರೇನ್ರಿ?"

ಸಂಜೆ ಗೇಟಿನಲ್ಲಿ ಇದಕ್ಕಿಂತ ದೊಡ್ಡದು ಕಾದಿತ್ತು. ಚನ್ನಬಸವ್ವ ಮಗನ ಬರಿ ಹಣೆ ನೋಡಿದರು, ಹೆಲ್ಮೆಟ್ಟಿನ ಒಳಗೆ ಕೈಹಾಕಿ ಬಿಳಿಯಾಗಿದ್ದ ಸ್ಪಂಜು ಮುಟ್ಟಿ ನೋಡಿದರು. "ನನ್ನ ಮಗನ ಹಣಿ ಬಿಟ್ಟು ಈ ಬುಟ್ಟಿ ಹೊಟ್ಟ್ಯಾಗ ಹೋಗೇತಲ್ಲೋ ಈಬತ್ತಿ!" ಎಂದು ಅತ್ತರು, ಊಟ ಬಿಟ್ಟರು. ಮರುದಿನ ನೋಡಿದರೆ ಹೆಲ್ಮೆಟ್ ಅಡಿಗೆಮನೆಯಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಅದರ ತುಂಬ ಬೆಳ್ಳುಳ್ಳಿ. ಅಂದಿನಿಂದ ಕುಬೇರಪ್ಪನವರು ಪೊಲೀಸರಿಲ್ಲದ ಸಂದಿಗೊಂದಿ ಹುಡುಕುತ್ತ, ಕಳ್ಳನ ಹಾಗೆ ಅಂಗಡಿಗೆ ಹೋಗತೊಡಗಿದರು.

ಇದೇ ಹೊತ್ತಿಗೆ ಅವರ ಮಗಳು ಭಾಗ್ಯಶ್ರೀಯ ಲಗ್ನದ ಮಾತು ನಡೆದಿತ್ತು. ಹುಡುಗ ಲಕಮನಹಳ್ಳಿಯ ಗಂಗಪ್ಪನವರ ಮಗ ಬಸವಪ್ರಭು, ಆರ್.ಟಿ.ಓ. ಆಫೀಸಿನಲ್ಲಿ ಹೊಸದಾಗಿ ಬ್ರೇಕ್ ಇನ್ಸ್‌ಪೆಕ್ಟರ್ ಆದವನು. ಹೆಣ್ಣು ನೋಡಲು ಬಂದ ದಿನ ನಾನೂ ಅಲ್ಲೇ ಇದ್ದೆ. ಉಳಿದ ಹುಡುಗರು ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಕೇಳಿದರೆ ಇವನು ಕೇಳಿದ್ದು ಬೇರೆ.

"ಗಾಡಿ ಹೊಡೀತೀರೇನ್ರಿ?"

"ಹೊಡೀತೇನ್ರಿ."

"ಲೈಸನ್ಸ್ ಐತೇನ್ರಿ?"

"ಐತ್ರಿ. ಆದ್ರ ನಿಮ್ಮ ಬೈಕಿನ ಹಿಂದಿನ ಲೈಟ್ ಹತ್ತವಲ್ದು. ನೀವು ಬರೂ ಮುಂದ ಕಿಡಕ್ಯಾಗಿಂದ ನೋಡೇನಿ."

ಬ್ರೇಕ್ ಇನ್ಸ್‌ಪೆಕ್ಟರ್ ಅವಲಕ್ಕಿಯ ತಟ್ಟೆಯಲ್ಲಿ ಮುಖ ಹುದುಗಿಸಿದ. ಕಿವಿ ಮಾತ್ರ ಕೆಂಪಗೆ ಕಾಣುತ್ತಿದ್ದವು. ಗಂಗಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಇಂಥಾ ಸೊಸೀನ ಬೇಕಾಗಿತ್ತ ನನಗ. ಊರಾಗ ನಮ್ಮಣ್ಣಗ ಒಂದ ಮಾತ ಕೇಳಿ, ಹೇಳಿ ಕಳಸ್ತೇನ್ರಿ" ಎಂದು ಹೋದರು. ಆಮೇಲೆ ಭಾಗ್ಯಶ್ರೀ ದಿನಕ್ಕೆ ನಾಲ್ಕು ಸಲ ನಮ್ಮ ಮನೆಗೆ ಬಂದು ಹೋಗುತ್ತಿದ್ದಳು. ಆ ಓಣಿಯಲ್ಲಿ ಫೋನ್ ಇದ್ದದ್ದು ನಮ್ಮ ಮನೆಯಲ್ಲಿ.

ಅಷ್ಟರಲ್ಲಿ ಬೀಜ ವ್ಯಾಪಾರಸ್ಥರ ಸಂಘದವರು ಕುಬೇರಪ್ಪನವರಿಗೆ ಸತ್ಕಾರ ಇಟ್ಟುಕೊಂಡರು. ಸಂಘ ವರ್ಷಕ್ಕೊಬ್ಬರನ್ನು ಸತ್ಕರಿಸಲೇಬೇಕಿತ್ತು, ಆ ವರ್ಷ ಉಳಿದವರು ಇವರೊಬ್ಬರೇ. ಶಾಲು ಹೊದಿಸಿ, ತಲೆಗೆ ಜರಿ ರುಮಾಲು ಸುತ್ತಿದರು. ಸಂಘದವರು ಫೋಟೋ ತೆಗೆದರು. ಇನ್ನು ಕೇಶ್ವಾಪುರದ ಮಂದಿ ಕಣ್ಣಾರೆ ನೋಡುವುದು ಬೇಡವೇ? ಕುಬೇರಪ್ಪನವರು ರುಮಾಲು ಬಿಚ್ಚದೆ, ಸಂದಿಗೊಂದಿ ಮರೆತು, ಎದೆ ಸೆಟೆದು ನೇರ ಚನ್ನಮ್ಮ ಸರ್ಕಲ್ಲಿಗೇ ಬಂದರು.

ಅಲ್ಲಿ ಮಕಬೂಲಸಾಬ ಎಂಬ ಟ್ರಾಫಿಕ್ ಹವಾಲ್ದಾರ ಹೆಲ್ಮೆಟ್ ಇಲ್ಲದವರನ್ನು ಸಾಲಾಗಿ ನಿಲ್ಲಿಸಿದ್ದ. ಕುಬೇರಪ್ಪನವರ ಮುಂದೆ ಲಾರಿ ಸಾಮಾನಿನ ಅಂಗಡಿಯ ಸರದಾರ್ಜಿಯೊಬ್ಬರು ಪಗಡಿ ಸುತ್ತಿಕೊಂಡು ಬಂದರು. ಹವಾಲ್ದಾರ ಅವರನ್ನು ಬಿಟ್ಟ. ಸಿಕ್ಕಿಬಿದ್ದಿದ್ದ ಕಾಲೇಜು ಹುಡುಗನೊಬ್ಬ, "ಅವ್ರನ್ಯಾಕ ಬಿಟ್ರಿ?" ಎಂದು ಜಗಳ ತೆಗೆದ.

"ಪಗಡಿ ಐತಲ್ಲೋ ತಮ್ಮಾ. ಕಾಯಿದೆದಾಗ ಅವರಿಗೆ ಮಾಫಿ ಐತಿ" ಎಂದ ಮಕಬೂಲಸಾಬ. ಆಮೇಲೆ ಕುಬೇರಪ್ಪನವರ ಜರಿ ರುಮಾಲು ನೋಡಿ ಮುಖ ಅರಳಿಸಿ ಸಲಾಮು ಹೊಡೆದ. "ಹೋಗ್ರಿ ಯಜಮಾನ್ರ, ಹೋಗ್ರಿ. ನೀವು ತಡಾ ಮಾಡಬ್ಯಾಡ್ರಿ."

ಮಕಬೂಲಸಾಬನ ಲೆಕ್ಕವೇ ಬೇರೆ ಇತ್ತು. ನಮ್ಮ ಕಡೆ ಪ್ಯಾಂಟು ಹಾಕಿದ ಗಂಡಸು ಜರಿ ರುಮಾಲು ಸುತ್ತಿಕೊಂಡು ಅವಸರದಲ್ಲಿ ಹೊರಟಿದ್ದಾನೆಂದರೆ ಮನೆಯಲ್ಲಿ ಲಗ್ನ ಇದೆ ಎಂದೇ ಅರ್ಥ. ಲಗ್ನದ ಮನೆಯ ಯಜಮಾನನನ್ನು ಹಾದಿಯಲ್ಲಿ ತಡೆದು ದಂಡ ಹಾಕುವಷ್ಟು ಕಲ್ಲು ಮನಸ್ಸು ಅವನದಲ್ಲ. ಕುಬೇರಪ್ಪನವರು ಮಾತ್ರ ಕಾಯಿದೆ ತಮಗೇ ಸಲಾಮು ಹೊಡೆಯಿತೆಂದು ತಿಳಿದರು. ಮನೆಗೂ ಹೋಗದೆ ಮೊದಲು ನನ್ನ ಹತ್ತಿರ ಬಂದರು.

"ಮಾಸ್ತರ, ಸಿಕ್ತು ನೋಡ್ರಿ ಹಾದಿ! ತಲಿಮ್ಯಾಲ ರುಮಾಲ ಇದ್ರ ಹೆಲ್ಮೆಟ್ ಮಾಫಿ. ರುಮಾಲ ಹಣಿಗೆ ಹತ್ತೂದಿಲ್ಲ, ಈಬತ್ತಿ ಅಳಸೂದಿಲ್ಲ. ಅವ್ವನೂ ಖುಷ್, ಸರ್ಕಾರನೂ ಖುಷ್."

"ಖರೇ ಏನ್ರಿ ಅದು?"

"ಹವಾಲ್ದಾರ ಸಲಾಮ ಹೊಡದಾನ್ರೀ! ಆದ್ರ ಒಂದ ಮಾತು. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಊರ ಮಂದಿಗೆಲ್ಲಾ ಗೊತ್ತಾತಂದ್ರ ಎಲ್ಲಾರೂ ಸುತಗೊಂಡ ಅಡ್ಡಾಡ್ತಾರ. ಆಮ್ಯಾಲ ಸರ್ಕಾರ ರುಮಾಲಿಗೂ ರೋಡ್ ಟ್ಯಾಕ್ಸ್ ಹಾಕತೈತಿ."

ನಾನು ಸಾಲಿಯಲ್ಲಿ ಗಣಿತ ಕಲಿಸುವವ. ಕಾಯಿದೆ ನನ್ನ ವಿಷಯವಲ್ಲ ಎಂದು ಸುಮ್ಮನಾದೆ.

ರುಮಾಲಂತೂ ಸಿಕ್ಕಿತು, ಅದನ್ನು ಸುತ್ತಿಕೊಳ್ಳಲು ಕುಬೇರಪ್ಪನವರಿಗೆ ಬರುತ್ತಿರಲಿಲ್ಲ. ಓಣಿಯ ತುದಿಯಲ್ಲಿದ್ದ ದರ್ಜಿ ಗುಲಾಬಸಾಬನಿಗೆ ಬರುತ್ತಿತ್ತು. ಲಗ್ನದ ಮನೆಗಳಿಗೆ ಹೋಗಿ ರುಮಾಲು ಸುತ್ತುವುದು ಅವನ ಅಪ್ಪನ ಕಾಲದ ಕಸಬು. ಕುಬೇರಪ್ಪನವರು ಬೆಳಿಗ್ಗೆ ಅವನ ಹೊಲಿಗೆ ಮಷಿನ್ನಿನ ಮುಂದೆ ಹೋಗಿ ಕುಳಿತರು.

"ಲಗ್ನ ಯಾರದ್ರಿ ಸಾವ್ಕಾರ್ರ?"

"ಲಗ್ನ ಯಾವದೂ ಇಲ್ಲೋ ಮಾರಾಯಾ."

"ಹಂಗಾದ್ರ ರುಮಾಲ?"

"ಅದನ್ನ ಈಗ ಹೇಳಾಕ ಬರೂದಿಲ್ಲ. ನೀ ಸುತ್ತು."

ಮರುದಿನವೂ ಹೋದರು, ಅದರ ಮರುದಿನವೂ. ಗುಲಾಬಸಾಬ ಬುದ್ಧಿವಂತ. ಹೇಳಲು ಬಾರದ ಲಗ್ನವೆಂದರೆ ದೊಡ್ಡ ಮನೆತನದ ಲಗ್ನವೇ ಇರಬೇಕೆಂದು ಊಹಿಸಿ, ಹೆಂಗಸರ ಕುಪ್ಪಸಕ್ಕೆಂದು ಬಂದಿದ್ದ ಬೇರೆಯವರ ಬಟ್ಟೆಯೆಲ್ಲ ಪಕ್ಕಕ್ಕಿಟ್ಟ. "ಕುಬೇರಪ್ಪ ಸಾವ್ಕಾರ್ರ ಮನ್ಯಾಗಿನ ಜಂಪರ್ ಬರೂವು ಅದಾವು, ನಿಮ್ಮದು ಈಗ ಆಗೂದಿಲ್ಲ" ಎಂದು ಬಂದವರಿಗೆಲ್ಲ ಹೇಳತೊಡಗಿದ. ಇಷ್ಟು ಸಾಕಾಯಿತು. ಒಂದು ಮುಂಜಾನೆ ಬ್ಯಾಂಡಿನವನೊಬ್ಬ ಗೇಟಿನ ಮುಂದೆ ನಿಂತು, ಯಾರೂ ಕೇಳದೆ, ಕ್ಲಾರಿನೆಟ್ಟಿನಲ್ಲಿ ಸ್ಯಾಂಪಲ್ ಊದಿ ತೋರಿಸಿದ. ಅವನು ಹೋದ ಮೇಲೆ ಅಡಿಗೆಯವ ಬಂದ.

"ಅಕ್ಕಾರ, ಬುಂದೆ ಉಂಡಿ ಮಾಡೂದೋ, ಹೋಳಿಗಿ ಮಾಡೂದೋ?"

"ಯಾರ ಲಗ್ನಕ್ಕೋ?" ಎಂದರು ನೀಲವ್ವ.

"ಅಯ್ಯ, ನಿಮಗೂ ಹೇಳಿಲ್ಲೇನ್ರಿ ಯಜಮಾನ್ರು?"

ನೀಲವ್ವನವರ ಕೈಯಲ್ಲಿ ಲಟ್ಟಣಿಗೆ ಇತ್ತು. ಮಗಳ ಲಗ್ನ ಇನ್ನೂ ಗೊತ್ತಾಗಿಲ್ಲ, ಗಂಡ ದಿನಾ ಜರಿ ರುಮಾಲು ಸುತ್ತಿಕೊಂಡು ಹೋಗುತ್ತಾನೆ, ಕೇಳಿದರೆ ನಗುತ್ತಾನೆ. ಆಕೆ ಒಂದೊಂದನ್ನೇ ಕೂಡಿಸಿದರು. ಆ ಸಂಜೆ ಎದುರು ಮನೆಯ ಕೂಗು ನಮ್ಮ ಪಡಸಾಲೆಯವರೆಗೆ ಕೇಳಿಸಿತು: "ಮಗಳ ಲಗ್ನ ಮಾಡೂ ಹೊತ್ತಿನ್ಯಾಗ ನೀವ್ಯಾರನ್ನ ಗಂಟ ಹಾಕ್ಕೊಳ್ಳಾಕ ಹೊಂಟೀರಿ? ಹೆಸರ ಹೇಳ್ರಿ! ಎಲ್ಲ್ಯಾಕಿ ಆಕಿ?"

ಅತ್ತ ಸರ್ಕಲ್ಲಿನಲ್ಲಿ ಮಕಬೂಲಸಾಬನಿಗೂ ಚಿಂತೆ ಹತ್ತಿತ್ತು. ದಿನಾ ಬೆಳಿಗ್ಗೆ ಅದೇ ಸ್ಕೂಟರು, ಅದೇ ರುಮಾಲು.

"ಇನ್ನೂ ಮುಗದಿಲ್ಲೇನ್ರಿ ಯಜಮಾನ್ರ?"

"ಇದೆಲ್ಲಿ ಮುಗೀತೈತ್ರಿ ಹವಾಲ್ದಾರ್ರ! ಇನ್ನ ಕಾಯಮ್ಮು!" ಎಂದು ಕುಬೇರಪ್ಪನವರು ಕೈಬೀಸಿ ಹೋದರು. ಮಕಬೂಲಸಾಬ ಸಿಳ್ಳೆ ಊದುವುದನ್ನು ಬಿಟ್ಟು ಹಿಂದಿನಿಂದ ನೋಡುತ್ತ ನಿಂತ. "ಎಷ್ಟ ಮಂದಿ ಹೆಣ್ಣಮಕ್ಕಳೋ ಏನೋ, ಪಾಪ" ಎಂದು ಪಕ್ಕದ ಹೂವಿನವಳಿಗೆ ಹೇಳಿದನಂತೆ. ಆಕೆ ಅದನ್ನು ಸರ್ಕಲ್ಲಿಗೆಲ್ಲ ಹಂಚಿದಳು.

ಸುದ್ದಿ ಕುಂದಗೋಳಕ್ಕೂ ಹೋಯಿತು. ಅಲ್ಲಿಂದ ಕುಬೇರಪ್ಪನವರ ಅಕ್ಕ ರೇಣವ್ವ ಟ್ರಂಕಿನ ಸಮೇತ ಬಂದಿಳಿದರು. ಒಳಗೆ ಬರಲಿಲ್ಲ, ಗೇಟಿನ ಹೊರಗೆ ಟ್ರಂಕಿನ ಮೇಲೆ ಕುಳಿತರು. ನೀಲವ್ವ ನೀರು ತಂದರೆ ಮುಖ ಆ ಕಡೆ ತಿರುಗಿಸಿದರು.

"ಭಾಗ್ಯಶ್ರೀ ಸ್ವಾದರತ್ತಿ ನಾ. ನನಗ ಲಗ್ನದ ಸುದ್ದಿ ಬ್ಯಾಂಡಿನಾವ ಹೇಳಬೇಕೇನು? ಈ ಮನಿ ನೀರ ಮುಟ್ಟೂದಿಲ್ಲ ನಾ."

ಓಣಿಯ ಮಂದಿ ಸೇರಿತು. ಕುಬೇರಪ್ಪನವರು ಬೆವರಿ, ಕಡೆಗೆ ಅಕ್ಕನ ಕಿವಿಯಲ್ಲಿ ಖರೇ ಸಂಗತಿ ಊದಿದರು. ಹೆಲ್ಮೆಟ್ಟು, ಸರದಾರ್ಜಿ, ಸಲಾಮು ಎಲ್ಲ ಹೇಳಿದರು. ರೇಣವ್ವ ತಮ್ಮನನ್ನು ಕಾಲಿನಿಂದ ರುಮಾಲಿನವರೆಗೆ ನೋಡಿದರು.

"ಕುಬೇರಾ, ಸುಳ್ಳ ಹೇಳೂದಿದ್ರ ನಂಬೂವಂಥಾದ್ದು ಹೇಳೋ ಯಪ್ಪಾ. ಪೊಲೀಸರಿಗಂಜಿ ಯಾರರ ರುಮಾಲ ಸುತಗೋತಾರೇನು?"

ಹೀಗೆಂದು ಟ್ರಂಕು ಎತ್ತಿಕೊಂಡು ಒಳಗೆ ನಡೆದರು. ಸಿಟ್ಟು ಸಿಟ್ಟಿನ ಕಡೆ, ಲಗ್ನದ ಕೆಲಸ ಕೆಲಸದ ಕಡೆ. ಮರುದಿನವೇ ಗೋಧಿ ಹಿಟ್ಟು ನಾದಿ, ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಶಾವಿಗೆ ಹಾಕಿದರು. ನಮ್ಮಲ್ಲಿ ಲಗ್ನಕ್ಕೆ ಮೊದಲು ಶಾವಿಗೆ ಆಗಬೇಕು. ಮಾಳಿಗೆಯ ತುಂಬ ಶಾವಿಗೆ ಒಣಗುವುದನ್ನು ಕಂಡ ಮೇಲೆ ಕೇಶ್ವಾಪುರದಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಭಾಗ್ಯಶ್ರೀಯ ಲಗ್ನ ಗೊತ್ತಾಗಿದೆ, ಹುಡುಗ ಬೆಳಗಾವಿಯ ಕಡೆಯ ಜಮೀನುದಾರ ಎಂಬಲ್ಲಿಗೆ ಮಾತು ಬಂದು ನಿಂತಿತು. ಆ ಜಮೀನುದಾರ ಎಲ್ಲಿಂದ ಹುಟ್ಟಿದನೋ ನನಗಂತೂ ಗೊತ್ತಿಲ್ಲ.

ನಾಲ್ಕು ದಿನವಾದ ಮೇಲೆ ನಮ್ಮ ಮನೆಯ ಫೋನ್ ರಿಂಗಾಯಿತು. ಲಕಮನಹಳ್ಳಿಯ ಗಂಗಪ್ಪನವರು.

"ಮಾಸ್ತರ, ಕುಬೇರಪ್ಪನವ್ರಿಗೆ ಒಂದ ಮಾತ ಮುಟ್ಟಸ್ರಿ. ಮಗಳ ಲಗ್ನ ಬ್ಯಾರೆ ಕಡೆ ಗೊತ್ತಾದದ್ದ ಕೇಳಿ ಸಂತೋಷ ಆತು. ನಮಗೂ ಹೇಳಿದ್ರ ಚಂದ ಇರ್ತಿತ್ತು. ಇರಲಿ ಬಿಡ್ರಿ. ನಮ್ಮ ಹುಡುಗ ಎರಡ ದಿನದಿಂದ ಊಟಾ ಬಿಟ್ಟು ಕುಂತಾನ, ಅವಗೂ ಬ್ಯಾರೆ ಕಡೆ ನೋಡ್ತೇವಿ."

ನಾನು "ಅಲ್ರೀ, ಕೇಳ್ರಿ ಇಲ್ಲೆ" ಎನ್ನುವಷ್ಟರಲ್ಲಿ ಫೋನ್ ಇಟ್ಟರು. ನಾನು ಎದುರು ಮನೆಗೆ ಹೋಗಿ ಹೇಳಿದೆ. ಒಳಗಿನಿಂದ ಭಾಗ್ಯಶ್ರೀ ಬಂದು ಅಪ್ಪನ ಮುಂದೆ ನಿಂತಳು. ಯಾವತ್ತೂ ಎದುರುತ್ತರ ಕೊಡದ ಹುಡುಗಿ.

"ಅಪ್ಪಾ, ಆ ಹುಡುಗ ನನ್ನ ಮನಸ್ಸಿಗೆ ಬಂದಿದ್ದ. ನಿನ್ನ ರುಮಾಲ ನನ್ನ ಲಗ್ನಾ ನುಂಗಿಬಿಡ್ತು."

ಇಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುಬೇರಪ್ಪನವರ ಕಣ್ಣಲ್ಲೂ ನೀರು ಬಂತು. ಬಾಯಿ ಬಿಡಬೇಕಾದಾಗ ಮುಚ್ಚಿಕೊಂಡಿದ್ದವರಲ್ಲಿ ನಾನೂ ಒಬ್ಬನಿದ್ದೆ.

"ಮಾಸ್ತರ, ಏಳ್ರಿ. ಈಗ ಲಕಮನಹಳ್ಳಿಗೆ ಹೋಗಿ ಗಂಗಪ್ಪನವ್ರ ಕಾಲಾದ್ರೂ ಹಿಡದು ಬರೂಣು. ನೀವು ಸಾಕ್ಷಿ."

ಗೇಟಿನಲ್ಲಿ ಚನ್ನಬಸವ್ವ ಇದ್ದರು. "ಹಣಿ ತೋರಸು" ಎಂದರು. ಇವರು ತೋರಿಸಿದರು. ಗುಲಾಬಸಾಬ ಅವಸರದಲ್ಲಿ ರುಮಾಲನ್ನು ಹೇಗೋ ಸುತ್ತಿ ಕಳಿಸಿದ.

ಧಾರವಾಡದ ರಸ್ತೆಗೆ ಬಿದ್ದ ಮೇಲೆ ಆ ರುಮಾಲಿನ ಸೆರಗು ಬಿಚ್ಚಿಕೊಂಡು ಹಿಂದೆ ಕುಳಿತ ನನ್ನ ಮುಖಕ್ಕೆ ಸುತ್ತಿಕೊಂಡಿತು. ಉಣಕಲ್ ಕೆರೆ ಬಂತೆಂದು ನನಗೆ ತಂಪು ಗಾಳಿಯಿಂದಲೇ ತಿಳಿಯಿತು, ಕಣ್ಣಿಗೆ ಜರಿಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಬಸ್ಸಿನ ಮಂದಿ ನಕ್ಕದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಬೈರಿದೇವರಕೊಪ್ಪದ ಹತ್ತಿರ ಸಿಳ್ಳೆ ಹೊಡೆದದ್ದು ಕೇಳಿ ಸ್ಕೂಟರ್ ನಿಂತಿತು. ನಾನು ಜರಿ ಸರಿಸಿ ನೋಡಿದೆ. ರಸ್ತೆ ಸುರಕ್ಷತಾ ಸಪ್ತಾಹ ಎಂಬ ಬ್ಯಾನರು, ಅದರ ಕೆಳಗೆ ಒಂದು ಜೀಪು. ಸ್ಪೆಷಲ್ ಡ್ಯೂಟಿಗೆ ಬಂದಿದ್ದ ಮಕಬೂಲಸಾಬ ಅಲ್ಲೇ ಇದ್ದ. ಜೀಪಿಗೆ ಒರಗಿ, ಎಲ್ಲ ಕಳೆದುಕೊಂಡವರ ಹಾಗೆ ಮುಖ ಮಾಡಿಕೊಂಡು ರಸೀದಿ ಬರೆಯುತ್ತಿದ್ದವನು ಬ್ರೇಕ್ ಇನ್ಸ್‌ಪೆಕ್ಟರ್ ಬಸವಪ್ರಭು.

ಕುಬೇರಪ್ಪನವರು ಬಾಯಿ ತೆರೆಯುವ ಮೊದಲೇ ಮಕಬೂಲಸಾಬ ಓಡಿ ಬಂದ. ಒಳ್ಳೆಯ ಮನುಷ್ಯ ಒಳ್ಳೆಯದು ಮಾಡಲು ಹೊರಟಿದ್ದ.

"ಸಾಹೇಬ್ರ, ಇವ್ರನ್ನ ಬಿಟ್ಟಬಿಡ್ರಿ. ನನಗ ಗುರ್ತಿನವ್ರು. ಪಾಪ, ಮಗಳ ಲಗ್ನದ ಗಡಿಬಿಡಿ ಐತಿ."

ಬಸವಪ್ರಭು ತಲೆ ಎತ್ತಿದ. ಅವನ ಮುಖ ಇನ್ನಷ್ಟು ಇಳಿಯಿತು. "ಗೊತ್ತೈತಿ ಹವಾಲ್ದಾರ್ರ. ಹೋಗ್ರಿ, ನೀವು ಹೋಗಿಬರ್ರಿ" ಎಂದು ಮತ್ತೆ ರಸೀದಿಯಲ್ಲಿ ಮುಖ ಹಾಕಿದ.

"ಇಲ್ರೀ!" ಎಂದು ಕುಬೇರಪ್ಪನವರು ಚೀರಿದರು. "ಲಗ್ನ ಇಲ್ರೀ! ಎಲ್ಲೂ ಗೊತ್ತಾಗಿಲ್ರೀ!"

"ಯಜಮಾನ್ರ, ಸುಮ್ನಿರ್ರಿ" ಎಂದು ಮಕಬೂಲಸಾಬ ಕಣ್ಣು ಮಿಟುಕಿಸಿದ. "ಲಗ್ನ ಐತಿ ಅಂದ್ರ ಪಾರಾಗ್ತೀರಿ. ಇಲ್ಲ ಅಂದ್ರ ಹೆಲ್ಮೆಟ್ ಕೇಸ್ ಬೀಳತೈತಿ."

"ಬೀಳಲಿ! ದಂಡ ಹಾಕ್ರಿ ನನಗ! ಈಗಿಂದೀಗ ಹಾಕ್ರಿ! ಕುಬೇರಪ್ಪನ ಮಗಳ ಲಗ್ನ ಯಾರ ಸಂಗಾಟಾನೂ ಗೊತ್ತಾಗಿಲ್ಲ ಅಂತ ರಸೀದಿಮ್ಯಾಲ ಬರದು ಸಿಕ್ಕಾ ಹೊಡೀರಿ!"

"ಹಂಗಾದ್ರ ಇಷ್ಟ ದಿನ ರುಮಾಲ ಯಾಕ ಸುತಗೊಂಡಿದ್ರಿ?"

"ಪಗಡಿ ಇದ್ರ ಮಾಫಿ ಅಂತ ನೀವ ಹೇಳಿದ್ರೆಲ್ರೀ!"

ಮಕಬೂಲಸಾಬ ತಲೆಗೆ ಕೈಹಚ್ಚಿಕೊಂಡ. "ಯಾ ಅಲ್ಲಾ! ಅದು ಸರದಾರ್ಜಿಯವ್ರಿಗೆ. ಅವರಿಗದು ಧರ್ಮ. ನಿಮ್ಮನ್ನ ನಾ ಲಗ್ನದ ಮನಿಯವ್ರು ಅಂತ ಬಿಟ್ಟಿದ್ದೆ."

ಇನ್ನು ಮಾತಿನಿಂದ ಆಗುವುದಿಲ್ಲವೆಂದು ಕುಬೇರಪ್ಪನವರು ಲಗ್ನವಿಲ್ಲದ್ದನ್ನು ತೋರಿಸಲು ತಲೆಯ ಮೇಲಿನ ರುಮಾಲನ್ನೇ ಸರಸರ ಬಿಚ್ಚಿದರು. ಒಂದು ತುದಿ ನನ್ನ ಕೊರಳಲ್ಲಿತ್ತು, ಇನ್ನೊಂದು ಗಾಳಿಗೆ ಹಾರಿ ಧಾರವಾಡದ ಕಡೆ ಹೊರಟಿತು. ಒಂದು ಬಸ್ಸು, ಎರಡು ಟೆಂಪೋ ನಿಂತು ನೋಡಿದವು. ಬೋಳು ತಲೆ, ಅದರ ಕೆಳಗೆ ಒಂದು ಗೆರೆಯೂ ಅಳಿಸದ ವಿಭೂತಿ, ಎರಡೂ ಕೈ ಮೇಲೆತ್ತಿ ನಿಂತ ಕುಬೇರಪ್ಪನವರು ನಡುರಸ್ತೆಯಲ್ಲಿ ಹೇಳಿದರು:

"ಬಸವಪ್ರಭು, ನೀವು ಮನಸ್ಸಿಗೆ ಬಂದೀರಿ ಅಂತ ನನ್ನ ಮಗಳು ಎಲ್ಲಾರ ಮುಂದ ಹೇಳ್ಯಾಳ್ರಿ!"

"ಖರೇನ್ರಿ?"

"ಖರೇ. ಮಾಸ್ತರನ್ನ ಕೇಳ್ರಿ."

ನಾನು ರುಮಾಲಿನ ಒಳಗಿನಿಂದಲೇ ತಲೆಯಾಡಿಸಿದೆ. ಬ್ರೇಕ್ ಇನ್ಸ್‌ಪೆಕ್ಟರನ ಕಿವಿ ಮತ್ತೆ ಕೆಂಪಗಾದವು. ಮಕಬೂಲಸಾಬ ಖುಷಿಗೆ ಉದ್ದಕ್ಕೆ ಸಿಳ್ಳೆ ಊದಿದ. ಏನೂ ತಪ್ಪು ಮಾಡದ ಒಂದು ಟ್ರ್ಯಾಕ್ಟರ್ ಹೆದರಿ ರಸ್ತೆಯ ಬದಿಗೆ ನಿಂತುಕೊಂಡಿತು.

ಬಸವಪ್ರಭು ನಗುತ್ತ ರಸೀದಿ ಬರೆದ, ಕುಬೇರಪ್ಪನವರು ನಗುತ್ತ ದಂಡ ಕಟ್ಟಿದರು. ಅಲ್ಲಿ ಸಾಲಿನಲ್ಲಿ ನಿಂತಿದ್ದ ಉಳಿದವರಿಗೆ ಈ ನಗೆ ಯಾವುದೆಂದು ತಿಳಿಯಲಿಲ್ಲ.

"ಮಾವಾರ, ನಾಳೆ ನಾ ಅಳಿಯಾ ಆದ್ರೂ ದಂಡ ಬಿಡೂದಿಲ್ಲ, ಮೊದಲ ಹೇಳಿಬಿಡ್ತೇನಿ. ಸ್ಕೂಟರ್ ನಿಮ್ಮ ಅಂಗಡಿ ಮುಂದ ಹಚ್ಚಿ ಬಸ್ಸಿಗೆ ಹೋಗ್ರಿ. ಹೆಲ್ಮೆಟ್ ಹಾಕ್ಕೊಳ್ಳಾಕ ಏನ ತ್ರಾಸು ನಿಮಗ?"

ಕುಬೇರಪ್ಪನವರು ತಾಯಿಯ ಮಾತು, ಬೆಳ್ಳುಳ್ಳಿಯ ಕಥೆ ಎಲ್ಲ ಹೇಳಿದರು. ಬಸವಪ್ರಭು ನಗಲಿಲ್ಲ. "ಅಜ್ಜಿ ಮುಂದ ನಾ ಮಾತಾಡ್ತೇನ್ರಿ" ಎಂದ.

ಸಂಗತಿ ಕೇಳಿ ಗಂಗಪ್ಪನವರೂ ನಕ್ಕು ಒಪ್ಪಿದರು. ನಿಶ್ಚಯಕ್ಕೆ ತಡವಾಗಲಿಲ್ಲ, ತಯಾರಿಯೆಲ್ಲ ಮೊದಲೇ ಆಗಿತ್ತಲ್ಲ! ಬ್ಯಾಂಡಿನವ ಕರೆಯದೆ ಬಂದ, ಗುಲಾಬಸಾಬ ಜಂಪರ್ ಹೊಲಿದಿಟ್ಟಿದ್ದ. "ನಾ ಅವತ್ತ ಹೇಳಿದ್ದೆ ಇಲ್ಲೋ, ಲಗ್ನ ಐತಿ ಅಂತ?" ಎಂದು ರೇಣವ್ವ ಎಲ್ಲರಿಗೂ ಶಾವಿಗೆ ಪಾಯಸ ಬಡಿಸಿದರು. ಉಡಿ ತುಂಬಿ, ಸಕ್ಕರೆ ಹಂಚಿದ್ದಾಯಿತು. ಇನ್ನು ಗಂಗಪ್ಪನವರು ಬೀಗರಿಗೆ ಉಡುಗೊರೆಯ ಆಯೇರಿ ಮಾಡಿ, ರುಮಾಲು ಸುತ್ತಿಸಬೇಕು. ಅವರು ಹರಿವಾಣದ ಮೇಲಿನ ವಸ್ತ್ರ ತೆಗೆದರು. ಒಳಗೆ ಕರ್ರಗೆ ಮಿರಿಮಿರಿ ಮಿಂಚುವ ಹೆಲ್ಮೆಟ್ ಇತ್ತು.

"ಅಯ್ಯ ಶಿವನ! ಬೀಗರಿಗೆ ಬುಟ್ಟಿ ಆಯೇರಿ ಮಾಡ್ತಾರೇನು!" ಎಂದು ರೇಣವ್ವ ಕೂಗಿಕೊಂಡರು. ಬ್ಯಾಂಡು ನಡುವೆಯೇ ನಿಂತಿತು. ಚನ್ನಬಸವ್ವ ಕುಳಿತಲ್ಲಿಂದ ಎದ್ದರು. ನಿಶ್ಚಯ ಇಲ್ಲಿಗೇ ಮುರಿಯಿತು ಎಂದುಕೊಂಡು ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೆನೆಂದು ನೆನಪು ಮಾಡಿಕೊಂಡೆ. ಭಾಗ್ಯಶ್ರೀ ಹುಡುಗನ ಮುಖವನ್ನೇ ನೋಡುತ್ತಿದ್ದಳು. ಚನ್ನಬಸವ್ವ ಅವನ ಎದುರಿಗೆ ಬಂದು ನಿಂತರು.

"ಏನಪಾ, ನನ್ನ ಮಗಗ ಇದನ್ಯಾಕ ಹಾಕಸ್ತೀ?"

"ಅಜ್ಜೀ, ಹಾದ್ಯಾಗ ಬಿದ್ದವ್ರನ್ನ ದಿನಾ ನೋಡ್ತೇನ್ರಿ ನಾ. ಮುಂಜಾನೆ ಹೋದವ್ರು ಸಂಜಿಮುಂದ ಹೊಳ್ಳಿ ಮನಿಗೆ ಬರಲಿ ಅಂತ ಹಾಕಸ್ತೇನಿ."

ಚನ್ನಬಸವ್ವ ಹರಿವಾಣದ ಹೆಲ್ಮೆಟ್ ಎತ್ತಿ ತಿರುಗಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ನಾನೂ ಅದಕ್ಕ ಹಚ್ಚತೇನೋ ಯಪ್ಪಾ ಈಬತ್ತಿ. ಹೋದಾವ ಹೊಳ್ಳಿ ಬರಲಿ ಅಂತ."

ಒಳಗೆ ಹೋಗಿ ವಿಭೂತಿಯ ಗಟ್ಟಿ ತಂದರು. ಹನಿ ನೀರು ಹಾಕಿ ತೇಯ್ದು, ಮೂರು ಬೆರಳು ಅದ್ದಿ, ಆ ಕರಿ ಹೆಲ್ಮೆಟ್ಟಿನ ಹಣೆಗೆ ಈ ತುದಿಯಿಂದ ಆ ತುದಿಯವರೆಗೆ ಮೂರು ಗೆರೆ ಎಳೆದರು. ಆಮೇಲೆ ತಾವೇ ಮಗನ ತಲೆಗೆ ಹಾಕಿ, "ಈಗ ನೋಡು, ಎಲ್ಲಿ ಅಳಸತೈತಿ?" ಎಂದರು. ಗಂಗಪ್ಪನವರು ಜೋರಾಗಿ ಹರಹರ ಅಂದರು. ಬ್ಯಾಂಡಿನವ ಬಿಟ್ಟಲ್ಲಿಂದಲೇ ಮತ್ತೆ ಹಿಡಿದ. ನೀಲವ್ವ ಅಳುತ್ತ ನಕ್ಕರು, ಹೆಲ್ಮೆಟ್ ಹಾಕಿಕೊಂಡೇ ಕುಬೇರಪ್ಪನವರು ಪಾಯಸ ಉಂಡರು.

ಲಗ್ನವಾಯಿತು. ಈಗ ಬೈರಿದೇವರಕೊಪ್ಪದ ಅಂಗಡಿಯಲ್ಲಿ ಕಟ್ಟೆಯ ಮೇಲೆ ಆ ಹೆಲ್ಮೆಟ್ ಇಟ್ಟರೆ ಬೀಜಕ್ಕೆ ಬಂದ ರೈತರು ಮೊದಲು ಅದಕ್ಕೆ ಕೈಮುಗಿದು ಆಮೇಲೆ ಕುಬೇರಪ್ಪನವರನ್ನು ಮಾತಾಡಿಸುತ್ತಾರೆ. ಓಣಿಯ ಉಳಿದ ಮನೆಗಳ ಹೆಲ್ಮೆಟ್ಟಿಗೂ ವಿಭೂತಿ ಬಿದ್ದಿದೆ. ಚನ್ನಬಸವ್ವ ಮಾತ್ರ ಮೊದಲಿಗಿಂತ ಬಿಗಿಯಾಗಿದ್ದಾರೆ. ಗೇಟಿನಲ್ಲಿ ಈಗ "ಹಣಿ ತೋರಸು" ಆದ ಮೇಲೆ "ಬಕ್ಕಲ್ ತೋರಸು" ಕೂಡ ಇದೆ, ಅದೂ ಮಗನೊಬ್ಬನಿಗೇ ಅಲ್ಲ. ಒಮ್ಮೆ ನಾನು ಬರಿ ತಲೆಯಲ್ಲಿ ಸೈಕಲ್ ಮೋಟಾರು ಹೊರಡಿಸಿದ್ದಕ್ಕೆ ಅಡ್ಡ ನಿಂತು, ಆ ಹಳೇ ಬೆಳ್ಳುಳ್ಳಿ ಹೆಲ್ಮೆಟ್ಟನ್ನು ಗೂಟದಿಂದ ಇಳಿಸಿ ತಂದು ಹಾಕಿಸಿದರು. ಇಂದಿಗೂ ನಾನು ವರ್ಗಕ್ಕೆ ಹೋದರೆ ಮುಂದಿನ ಸಾಲಿನ ಹುಡುಗರು ಮೂಗು ಮುಚ್ಚಿಕೊಳ್ಳುತ್ತಾರೆ.

ಮೊದಲ ದೀಪಾವಳಿಗೆ ಮಗಳು ಅಳಿಯ ಬೈಕಿನ ಮೇಲೆ ಬಂದರು. ಮನೆಯ ಮಂದಿಯೆಲ್ಲ ಆರತಿ ಹಿಡಿದು ನಿಂತಿದ್ದರು, ನಾವು ಓಣಿಯವರೂ ಇದ್ದೆವು. ಬಸವಪ್ರಭು ಇನ್ನೇನು ಗೇಟು ದಾಟಬೇಕು, ಚನ್ನಬಸವ್ವ ಕೈ ಅಡ್ಡ ಹಿಡಿದರು. ಹಿಂದಿನಿಂದ ಭಾಗ್ಯಶ್ರೀ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದಳು. ಅಳಿಯನ ಹೆಲ್ಮೆಟ್ಟಿನ ಬಕ್ಕಲ್ ಗಾಳಿಗೆ ಜೋತಾಡುತ್ತಿತ್ತು.

"ಇಲ್ಲೇ ಸರ್ಕಲ್ಲಿನ್ಯಾಗ ಬಿಚ್ಚೇನ್ರಿ ಅಜ್ಜೀ, ಮನಿ ಬಂತಲ್ಲಂತ" ಎಂದ ಬ್ರೇಕ್ ಇನ್ಸ್‌ಪೆಕ್ಟರ್.

"ಅಲ್ಲಿಂದ ಇಲ್ಲಿಗೆ ಹಾದಿ ಇಲ್ಲೇನು? ದಂಡ ಕಟ್ಟು. ಹೊಳ್ಳಿ ಸರ್ಕಲ್ಲಿಗೆ ಹೋಗಿ, ಬಕ್ಕಲ್ ಹಾಕ್ಕೊಂಡು ಬಾ."

ಓಣಿ ತುಂಬ ನಗೆ ಎದ್ದಿತು. ಬಸವಪ್ರಭು ಬೈಕು ತಿರುಗಿಸಿ, ಬಕ್ಕಲ್ ಬಿಗಿದುಕೊಂಡು ಸರ್ಕಲ್ಲಿಗೆ ಹೋದ. ಅಲ್ಲಿದ್ದ ಮಕಬೂಲಸಾಬನಿಗೆ ಕಾರಣ ಹೇಳಿ, ಅವನನ್ನೂ ನಗಿಸಿ ಮರಳಿ ಬಂದ. ಗೇಟಿನಲ್ಲಿ ಇಳಿದು ಕೈಮುಗಿದ.

"ದಂಡ ಕಟ್ಟೇನ್ರಿ ಅಜ್ಜೀ. ರಸೀದಿ ಕೊಡ್ರಿ."

ಚನ್ನಬಸವ್ವ ಸೆರಗಿನ ಗಂಟು ಬಿಚ್ಚಿ, ವಿಭೂತಿ ತೆಗೆದು, ಅವನ ಹೆಲ್ಮೆಟ್ಟಿನ ಮೇಲೆ ಮೂರು ಬೆರಳು ಎಳೆದರು.

"ಇದ ನೋಡು ರಸೀದಿ" ಎಂದು ಗೇಟು ತೆರೆದರು.